ಬಗ್ಗಿಸಬೇಕೋ, ಊರಬೇಕೋ? ಮಂಡಿಯ ಮೂಳೆ ಮುರಿತಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಸಿಗುವ ವಿರುದ್ಧ ಸಲಹೆಗಳು

ಏಣಿಯಿಂದ_ಇಳಿದವ

ಎಲ್ಲರಿಗೂ ನಮಸ್ಕಾರ. ಏಣಿಯಿಂದ ಬಿದ್ದು ಎಡಮಂಡಿಯ ಮೂಳೆ ಮುರಿದುಕೊಂಡ ನನಗೆ ಶಸ್ತ್ರಚಿಕಿತ್ಸೆಯಾಗಿ ಇಂದಿಗೆ 18 ದಿನಗಳಾದವು. ಒಳಗೆ ಒಂದು ಪ್ಲೇಟು ಮತ್ತು 8 ಸ್ಕ್ರೂಗಳಿವೆ. ಕುಸಿದಿದ್ದ ಭಾಗವನ್ನು ಮೇಲೆತ್ತಿ, ಅದರ ಕೆಳಗೆ ಉಂಟಾದ ಟೊಳ್ಳಿಗೆ ನನ್ನದೇ ಸೊಂಟದ ಮೂಳೆಯಿಂದ ತೆಗೆದ ಚೂರುಗಳನ್ನು ತುಂಬಿದ್ದಾರೆಂದು ಬಿಡುಗಡೆಯ ಪತ್ರದಲ್ಲಿ ಬರೆದಿದೆ.

ಪಕ್ಕದ ಹಾಸಿಗೆಯಲ್ಲಿದ್ದವರದೂ ಮಂಡಿಯದೇ ಮುರಿತ. ಅದೇ ವಾರ, ಅದೇ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದ್ದು. ಅವರು ಮೂರನೆಯ ದಿನವೇ ಮಂಡಿಯನ್ನು ನೇರವಾಗಿ ಹಿಡಿದಿಡುವ ಉದ್ದನೆಯ ಬ್ರೇಸ್ ಕಟ್ಟಿಕೊಂಡು, ಪೂರ್ತಿ ತೂಕ ಹಾಕಿ ವಾರ್ಡಿನಲ್ಲಿ ನಡೆದಾಡಿದರು. ಆದರೆ ಮಂಡಿಯನ್ನು ಬಗ್ಗಿಸಕೂಡದೆಂದು ಅವರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ನನಗಾದರೋ ಎರಡನೆಯ ದಿನದಿಂದಲೇ ಮಂಡಿ ಬಗ್ಗಿಸಬೇಕೆಂದೂ, 10 ವಾರಗಳವರೆಗೆ ಆ ಕಾಲನ್ನು ನೆಲಕ್ಕೆ ಊರಲೇಬಾರದೆಂದೂ ಹೇಳಿದರು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿದೆ. ಒಂದೇ ಕೀಲಿಗೆ ಎರಡು ನ್ಯಾಯ ಹೇಗೆ ಸಾಧ್ಯ? ಬಗ್ಗಿಸಿದರೆ ಎತ್ತಿ ಕೂರಿಸಿದ ಮೂಳೆ ಮತ್ತೆ ಕುಸಿಯುತ್ತದೆ ಎಂಬ ಭಯದಿಂದ ನಾನು ಇದುವರೆಗೆ 40 ಡಿಗ್ರಿಯನ್ನೂ ದಾಟಿಲ್ಲ.

ಒಂದೇ_ಮಾತು

ಪಕ್ಕದವರದು ಮಂಡಿಚಿಪ್ಪಿನ ಮುರಿತವಾಗಿದ್ದರೆ ಇಬ್ಬರಿಗೂ ಹೇಳಿದ್ದು ಸರಿಯಾಗಿಯೇ ಇದೆ.

ಏಣಿಯಿಂದ_ಇಳಿದವ

ಹೌದು, ಚಿಪ್ಪು ಎರಡು ಹೋಳಾಗಿತ್ತೆಂದು ಅವರೇ ಹೇಳಿದರು. ನನ್ನ ಪತ್ರದಲ್ಲಿ ‘ಟಿಬಿಯಲ್ ಪ್ಲೇಟೋ, ಷಾಟ್ಸ್ಕರ್ 2’ ಎಂದಿದೆ. ಎರಡಕ್ಕೂ ಅಷ್ಟು ವ್ಯತ್ಯಾಸವಿದೆಯೇ?

ವ್ಯಾಯಾಮದ_ಮೇಷ್ಟ್ರು

ವ್ಯತ್ಯಾಸ ಬಹಳವಿದೆ. ನಾನು ಫಿಸಿಯೋಥೆರಪಿಸ್ಟ್ ಆಗಿರುವುದರಿಂದ ಈ ಪ್ರಶ್ನೆ ನನಗೆ ಹೊಸದಲ್ಲ. ‘ಮಂಡಿ ಮುರಿದಿದೆ’ ಎಂದು ಬರುವವರಿಗೆ ನಾನು ಮೊದಲು ಕೇಳುವುದು ‘ಯಾವ ಮೂಳೆ?’ ಎಂದೇ. ಮಂಡಿಯಲ್ಲಿ ಮೂರು ಮೂಳೆಗಳು ಸೇರುತ್ತವೆ: ಮೇಲೆ ತೊಡೆಮೂಳೆಯ ಕೆಳತುದಿ, ಕೆಳಗೆ ಟಿಬಿಯಾ ಎಂಬ ಕಾಲಿನ ದೊಡ್ಡ ಮೂಳೆಯ ಮೇಲ್ತುದಿ, ಮುಂದೆ ಚಿಪ್ಪು. ಈ ಮೂರೂ ಹೊರುವ ಭಾರ ಒಂದೇ ಬಗೆಯದಲ್ಲ.

ಟಿಬಿಯಾದ ಮೇಲ್ತುದಿಯನ್ನು, ಅಂದರೆ ನಿಮ್ಮ ಪತ್ರದಲ್ಲಿರುವ ‘ಪ್ಲೇಟೋ’ವನ್ನು, ಮೇಜಿನ ಹಲಗೆಯೆಂದು ಭಾವಿಸಿ. ನಿಂತ ಕೂಡಲೇ ಇಡೀ ದೇಹದ ತೂಕ ತೊಡೆಮೂಳೆಯ ಮೂಲಕ ಆ ಹಲಗೆಯ ಮೇಲೆ ನೇರವಾಗಿ ಇಳಿಯುತ್ತದೆ. ನಿಮ್ಮಲ್ಲಿ ಹಲಗೆಯ ಒಂದು ಪಕ್ಕ ಸೀಳಿ, ನಡುವಿನ ಭಾಗ ಒಳಗೆ ಕುಸಿದಿತ್ತು. ಅದನ್ನು ಎತ್ತಿ, ಕೆಳಗೆ ಮೂಳೆಚೂರು ತುಂಬಿ, ಹಲಗೆಯ ಅಡಿಯಲ್ಲಿ ಅಡ್ಡಲಾಗಿ ಸ್ಕ್ರೂಗಳನ್ನು ಜಂತೆಗಳಂತೆ ಜೋಡಿಸಿರುತ್ತಾರೆ. ತುಂಬಿದ ಚೂರುಗಳು ಗಟ್ಟಿಯಾಗುವ ಮೊದಲೇ ತೂಕ ಹಾಕಿದರೆ ಹಲಗೆ ಮತ್ತೆ ಕುಸಿಯಬಹುದು. ಮಲಗಿಕೊಂಡು ಅಥವಾ ಕುಳಿತುಕೊಂಡು ಮಂಡಿ ಬಗ್ಗಿಸುವಾಗ ಆ ಮಟ್ಟದ ಭಾರ ಬೀಳುವುದಿಲ್ಲ. ಹಾಗಾಗಿ ನಿಮಗೆ ಬಗ್ಗಿಸುವುದು ಕ್ಷೇಮ, ಊರುವುದು ಅಪಾಯ.

ಚಿಪ್ಪು ತೂಕ ಹೊರುವ ಮೂಳೆಯಲ್ಲ, ಅದು ರಾಟೆ. ತೊಡೆಯ ಮುಂಭಾಗದ ಸ್ನಾಯು ಹಗ್ಗದಂತೆ ಅದರ ಮೂಲಕ ಹಾದು ಕೆಳಗಿನ ಮೂಳೆಯನ್ನು ಎಳೆಯುತ್ತದೆ. ಕಾಲು ನೇರವಾಗಿರುವಾಗ ನಿಂತರೆ ಚಿಪ್ಪಿಗೆ ಹೆಚ್ಚು ಶ್ರಮವಿಲ್ಲ. ಬಗ್ಗಿಸಿದಷ್ಟೂ ಹಗ್ಗ ಬಿಗಿಯಾಗಿ ಎರಡು ಹೋಳುಗಳನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತದೆ. ಮೆಟ್ಟಿಲು ಹತ್ತುವಾಗ ಚಿಪ್ಪಿನ ಹಿಂಬದಿಯ ಒತ್ತಡ ದೇಹದ ತೂಕದ ಸುಮಾರು 3 ಪಟ್ಟು, ಪೂರ್ತಿ ಕುಕ್ಕರಿಸಿದರೆ 7 ಪಟ್ಟು ಆಗುತ್ತದೆ. ಆದ್ದರಿಂದ ಅವರಿಗೆ ಊರುವುದು ಕ್ಷೇಮ, ಬಗ್ಗಿಸುವುದು ಅಪಾಯ.

ನಿಮ್ಮ 40 ಡಿಗ್ರಿಯ ಬಗ್ಗೆ ನನಗೆ ಆತಂಕವಿದೆ. ಅದನ್ನು ಬೇರೆಯಾಗಿ ಬರೆಯುತ್ತೇನೆ.

ತಂತಿಮಂಡಿ

ಮೇಷ್ಟ್ರೇ, ಚಿಪ್ಪಿನ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ನನ್ನ ಚಿಪ್ಪು ಅಡ್ಡಲಾಗಿ ಮುರಿದಿತ್ತು. ಎರಡು ನೇರ ತಂತಿಗಳನ್ನು ತೂರಿಸಿ, ಅವುಗಳ ಸುತ್ತ ಇನ್ನೊಂದು ತಂತಿಯನ್ನು ಎಂಟರ ಆಕಾರದಲ್ಲಿ ಬಿಗಿದರು. ನನಗೆ ಎರಡನೆಯ ವಾರದಲ್ಲೇ 30 ಡಿಗ್ರಿಯವರೆಗೆ ಬಗ್ಗಿಸಲು ಹೇಳಿದರು. ಆಮೇಲೆ ಬ್ರೇಸಿನ ಕೀಲನ್ನು ಎರಡು ವಾರಕ್ಕೊಮ್ಮೆ ಸಡಿಲಿಸುತ್ತ 60ಕ್ಕೆ, ಮತ್ತೆ 90ಕ್ಕೆ ತಂದರು. ‘ಚಿಪ್ಪಿನವರು ಬಗ್ಗಿಸಬಾರದು’ ಎಂದು ಇಲ್ಲಿ ಓದಿದವರು ಆರು ವಾರ ಕಾಲನ್ನು ಕೋಲಿನಂತೆ ಇಟ್ಟುಕೊಂಡರೆ ಅದಕ್ಕೆ ಹೊಣೆ ಯಾರು?

ನಿವೃತ್ತ_ಮೂಳೆತಜ್ಞ

ತಂತಿಮಂಡಿಯವರ ಆಕ್ಷೇಪಣೆ ನ್ಯಾಯವಾದುದು. ಅವರಿಗೆ ಮಾಡಿದ್ದು ಟೆನ್ಷನ್ ಬ್ಯಾಂಡ್ ಎಂಬ ವಿಧಾನ. ಚಿಪ್ಪಿನ ಮುಂಭಾಗದಲ್ಲಿ ತಂತಿ ಬಿಗಿದಿರುವುದರಿಂದ, ಮಂಡಿ ಬಗ್ಗಿದಾಗ ಹೋಳುಗಳನ್ನು ಬಿಡಿಸಲು ಹೊರಟ ಎಳೆತವೇ ಹಿಂಬದಿಯಲ್ಲಿ, ಅಂದರೆ ಕೀಲಿನ ಕಡೆಯಲ್ಲಿ, ಅವುಗಳನ್ನು ಒತ್ತಿ ಹಿಡಿಯುವ ಬಲವಾಗಿ ಮಾರ್ಪಡುತ್ತದೆ ಎಂಬುದು ಅದರ ತತ್ತ್ವ. ಮೂಳೆ ಗಟ್ಟಿಯಾಗಿದ್ದು, ಹೋಳುಗಳು ಎರಡೇ ಆಗಿದ್ದು, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಮಂಡಿಯನ್ನು 90 ಡಿಗ್ರಿ ಬಗ್ಗಿಸಿ ನೋಡಿದಾಗ ಜೋಡಣೆ ಅಲುಗದಿದ್ದರೆ ಬೇಗ ಬಗ್ಗಿಸಲು ಬಿಡುತ್ತೇವೆ. ಚಿಪ್ಪು ಏಳೆಂಟು ಚೂರಾಗಿದ್ದರೆ ಆ ಧೈರ್ಯ ಬರುವುದಿಲ್ಲ. ಪಕ್ಕದ ಹಾಸಿಗೆಯವರ ಮಂಡಿಯೊಳಗೆ ಏನು ಕಂಡಿತೆಂಬುದು ಅವರ ವೈದ್ಯರಿಗೆ ಮಾತ್ರ ಗೊತ್ತು.

ಚಿಪ್ಪು ಮುರಿದವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಹೋಳುಗಳ ನಡುವಿನ ಅಂತರ 2-3 ಮಿಲಿಮೀಟರಿಗಿಂತ ಕಡಿಮೆಯಿದ್ದು, ರೋಗಿಯು ಮಂಡಿಯನ್ನು ನೇರವಾಗಿಟ್ಟು ಕಾಲನ್ನು ತಾನೇ ಮೇಲೆತ್ತಬಲ್ಲನಾದರೆ, 4ರಿಂದ 6 ವಾರ ಬ್ರೇಸ್ ಹಾಕಿದರೆ ಸಾಕಾಗುತ್ತದೆ. ಕಾಲನ್ನು ಎತ್ತಲಾಗದಿದ್ದರೆ ಹಗ್ಗ ಹರಿದಿದೆ ಎಂದರ್ಥ, ಆಗ ಕಟ್ಟಲೇಬೇಕು. ಇನ್ನು, ಬೆಳೆಯುವ ವಯಸ್ಸಿನಲ್ಲಿ ಚಿಪ್ಪಿನ ಭಾಗಗಳು ಕೂಡಿಕೊಳ್ಳದೆ ಎರಡಾಗಿಯೇ ಉಳಿದವರೂ ಇದ್ದಾರೆ. ಹೊರಬದಿಯ ಮೇಲ್ಮೂಲೆಯಲ್ಲಿ ದುಂಡಗಿನ ಅಂಚಿನ ತುಂಡೊಂದು ಎಕ್ಸ್-ರೇಯಲ್ಲಿ ಕಂಡರೆ ಮುರಿತವೆಂದು ಗಾಬರಿಪಡುವ ಮೊದಲು ಇನ್ನೊಂದು ಮಂಡಿಯ ಚಿತ್ರವನ್ನೂ ನೋಡಬೇಕು.

ಪ್ರಶ್ನೆ ಕೇಳಿದವರಿಗೆ: ಜೋಸೆಫ್ ಷಾಟ್ಸ್ಕರ್ ಅವರು 1979ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಪ್ಲೇಟೋ ಮುರಿತಗಳಿಗೆ ಆರು ವರ್ಗಗಳಿವೆ. ಮೊದಲ ಮೂರು ಹೊರಬದಿಯವು: ಸೀಳು, ಸೀಳಿನೊಡನೆ ಕುಸಿತ, ಬರೀ ಕುಸಿತ. ನಾಲ್ಕನೆಯದು ಒಳಬದಿಯದು, ಐದನೆಯದರಲ್ಲಿ ಎರಡೂ ಬದಿ ಮುರಿದಿರುತ್ತವೆ, ಆರನೆಯದರಲ್ಲಿ ಹಲಗೆಯೇ ಕೆಳಗಿನ ಮೂಳೆಯಿಂದ ಬೇರೆಯಾಗಿರುತ್ತದೆ. ನಿಮ್ಮದು ಎರಡನೆಯದು, ಹೆಚ್ಚಾಗಿ ಕಾಣುವ ಬಗೆ. ಜೊತೆಯಲ್ಲಿ ಹೊರಬದಿಯ ಮೆನಿಸ್ಕಸ್ ಎಂಬ ಮೆತ್ತೆಯೂ ಹರಿದಿರುವ ಸಂಭವವಿರುತ್ತದೆ. ಅದನ್ನು ಹೊಲಿದಿದ್ದರೆ ಬಗ್ಗಿಸುವ ಮಿತಿ ಬದಲಾಗುತ್ತದೆ. ನಿಮ್ಮ ಪತ್ರದಲ್ಲಿ ಆ ಮಾತು ಇದೆಯೇ, ನೋಡಿ.

ಏಣಿಯಿಂದ_ಇಳಿದವ

ಡಾಕ್ಟರೇ, ‘ಮೆನಿಸ್ಕಸ್ ಸುಸ್ಥಿತಿಯಲ್ಲಿದೆ’ ಎಂದು ಬರೆದಿದ್ದಾರೆ.

ನಿವೃತ್ತ_ಮೂಳೆತಜ್ಞ

ಹಾಗಾದರೆ ನಿಮ್ಮ 40 ಡಿಗ್ರಿಗೆ ಭಯವೊಂದೇ ಕಾರಣವೆಂದು ತೋರುತ್ತದೆ. ಆದರೂ ಮುಂದಿನ ಭೇಟಿಯವರೆಗೆ ಕಾಯದೆ, ನಿಮ್ಮ ವೈದ್ಯರಿಗೆ ಕರೆಮಾಡಿ ಈ ಅಂಕಿಯನ್ನು ತಿಳಿಸಿ.

ಕಾದು_ಕೆಟ್ಟವ

ನನ್ನದು ಆರನೆಯ ವರ್ಗ. ಬಿದ್ದ ದಿನವೇ ಆಸ್ಪತ್ರೆಗೆ ಸೇರಿದರೂ ನಿಜವಾದ ಶಸ್ತ್ರಚಿಕಿತ್ಸೆ ಮಾಡಿದ್ದು 13ನೆಯ ದಿನ. ಅಲ್ಲಿಯವರೆಗೆ ತೊಡೆಗೂ ಕಾಲಿಗೂ ಹೊರಗಿನಿಂದ ಸರಳುಗಳನ್ನು ಚುಚ್ಚಿ, ನಡುವೆ ಕಂಬಿ ಕಟ್ಟಿ ಮಲಗಿಸಿದ್ದರು. ಮೂಳೆ ಮುರಿದವನನ್ನು ಎರಡು ವಾರ ಕಾಯಿಸುವುದು ನಿರ್ಲಕ್ಷ್ಯವಲ್ಲದೆ ಮತ್ತೇನು? ಕೇಳಿದರೆ ‘ಚರ್ಮ ಸುಕ್ಕುಗಟ್ಟಲಿ’ ಎಂಬ ಉತ್ತರ ಬಂತು. ನಾನು ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿವೃತ್ತ_ಮೂಳೆತಜ್ಞ

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಉತ್ತರ ಹಾಸ್ಯದ್ದಲ್ಲ. ಮಂಡಿಯ ಕೆಳಗೆ, ಕಾಲಿನ ಒಳಬದಿಯಲ್ಲಿ, ಮೂಳೆಯ ಮೇಲೆ ಬಹುಮಟ್ಟಿಗೆ ಚರ್ಮವಷ್ಟೇ ಇರುತ್ತದೆ. ಜೋರಾದ ಪೆಟ್ಟಿನಿಂದ ಅಲ್ಲಿ ಊತ ಬಂದು, ಚರ್ಮ ಬಿಗಿದು ಹೊಳೆಯುತ್ತದೆ, ಕೆಲವೊಮ್ಮೆ ನೀರುಗುಳ್ಳೆಗಳೂ ಏಳುತ್ತವೆ. ಅಂಥ ಚರ್ಮವನ್ನು ಕೊಯ್ದು ಒಳಗೆ ಎರಡು ಪ್ಲೇಟುಗಳನ್ನು ಇಟ್ಟರೆ ಹೊಲಿಗೆ ಕೂಡಿಕೊಳ್ಳದೆ ಗಾಯ ಬಾಯಿಬಿಡುತ್ತದೆ. ಒಳಗಿನ ಲೋಹಕ್ಕೆ ಸೋಂಕು ತಗುಲಿದರೆ ತಿಂಗಳುಗಟ್ಟಲೆ ನರಳಬೇಕಾಗುತ್ತದೆ. ಊತ ಇಳಿದಾಗ ಚರ್ಮದ ಮೇಲೆ ಸಣ್ಣ ಸುಕ್ಕುಗಳು ಮರಳಿ ಕಾಣುತ್ತವೆ. ನಾವು ಕಾಯುವುದು ಆ ಸುಕ್ಕುಗಳಿಗಾಗಿ. ಹೊರಗಿನ ಕಂಬಿ, ಅಂದರೆ ಎಕ್ಸ್‌ಟರ್ನಲ್ ಫಿಕ್ಸೇಟರ್, ಅಲ್ಲಿಯವರೆಗೆ ಮೂಳೆಯ ಉದ್ದವನ್ನೂ ನೇರವನ್ನೂ ಕಾಪಾಡುತ್ತದೆ. ಕಂಬಿ ಹಾಕಿದ ಮೇಲೆ ಸಿಟಿ ಸ್ಕ್ಯಾನ್ ಮಾಡಿದರೆ ಚೂರುಗಳು ಎಲ್ಲೆಲ್ಲಿವೆ ಎಂಬ ನಕ್ಷೆಯೂ ಸ್ಪಷ್ಟವಾಗಿ ಸಿಗುತ್ತದೆ. ಒಂದರಿಂದ ಎರಡು ವಾರ, ಕೆಲವರಲ್ಲಿ ಮೂರು ವಾರ ಕಾಯುವುದು ಅಸಹಜವಲ್ಲ.

ಕಾಯಬಾರದ ಸಂದರ್ಭಗಳೂ ಇವೆ: ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ಮಂಡಿಯ ಹಿಂದಿನ ರಕ್ತನಾಳಕ್ಕೆ ಏಟಾಗಿ ಪಾದ ತಣ್ಣಗಾಗಿದ್ದರೆ, ಅಥವಾ ಕಾಲಿನ ಸ್ನಾಯುಗಳನ್ನು ಸುತ್ತಿದ ಬಿಗಿಪೊರೆಯ ಕೋಣೆಯೊಳಗೆ ಊತದಿಂದ ಒತ್ತಡ ಏರಿದ್ದರೆ ಅದೇ ರಾತ್ರಿ ರೋಗಿಯನ್ನು ಶಸ್ತ್ರಚಿಕಿತ್ಸೆಗೆ ಒಯ್ಯಬೇಕು.

ಕಾದು_ಕೆಟ್ಟವ

ಇದನ್ನು ಅಂದೇ ನನಗೆ ಎರಡು ನಿಮಿಷ ಕೂತು ಹೇಳಿದ್ದರೆ 13 ದಿನ ಹಲ್ಲು ಕಡಿಯುತ್ತ ಮಲಗುತ್ತಿರಲಿಲ್ಲ. ನನ್ನ ದೂರನ್ನು ಅರ್ಧ ಮಾತ್ರ ಹಿಂತೆಗೆದುಕೊಳ್ಳುತ್ತೇನೆ.

ತಮ್ಮನ_ಕಾವಲು

ಡಾಕ್ಟರು ಕೊನೆಯಲ್ಲಿ ಹೇಳಿದ ಒತ್ತಡದ ವಿಷಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ತಮ್ಮನಿಗೆ ಅಪಘಾತದಲ್ಲಿ ಟಿಬಿಯಾದ ಮೇಲ್ತುದಿ ನುಚ್ಚುನೂರಾಗಿತ್ತು. ರಾತ್ರಿ ನೋವಿನ ಚುಚ್ಚುಮದ್ದು ಕೊಟ್ಟ ಅರ್ಧ ಗಂಟೆಗೇ ಅವನು ಮತ್ತೆ ಕೂಗತೊಡಗಿದ. ಮೂಳೆ ಮುರಿದ ಮೇಲೆ ನೋವಿರುವುದು ಸಹಜವೆಂದು ನಾನೇ ಅವನಿಗೆ ಸಮಾಧಾನ ಹೇಳುತ್ತಿದ್ದೆ. ರಾತ್ರಿಪಾಳಿಯ ದಾದಿಯೊಬ್ಬರು ಬಂದು ಅವನ ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಬಗ್ಗಿಸಿದಾಗ ಅವನು ಹಾಸಿಗೆಯಿಂದ ಎದ್ದೇ ಬಿಟ್ಟ. ಮೀನಖಂಡ ಹಲಗೆಯಂತೆ ಬಿಗಿದಿತ್ತು. ಆ ದಾದಿ ಕೂಡಲೇ ವೈದ್ಯರನ್ನು ಎಬ್ಬಿಸಿದರು. ಒಂದೂವರೆ ಗಂಟೆಯೊಳಗೆ ಕಾಲಿನ ಎರಡೂ ಬದಿ ಉದ್ದಕ್ಕೆ ಕೊಯ್ದು ಒತ್ತಡವನ್ನು ಇಳಿಸಿದರು. ಗಾಯವನ್ನು ಮುಚ್ಚಲು ಆಮೇಲೆ ತೊಡೆಯ ಚರ್ಮವನ್ನು ಕಸಿ ಮಾಡಬೇಕಾಯಿತು, ಆದರೆ ಕಾಲು ಉಳಿಯಿತು.

ಪಾದದಲ್ಲಿ ನಾಡಿ ಸಿಗುತ್ತಿದೆಯಲ್ಲ ಎಂದು ನಾನು ವಾದಿಸಿದ್ದು ಈಗಲೂ ನೆನಪಿದೆ. ನಾಡಿ ಸಿಗುತ್ತಿದ್ದರೂ ಒಳಗೆ ಸ್ನಾಯು ಸಾಯುತ್ತಿರಬಹುದೆಂದು ಅಂದು ತಿಳಿಯಿತು.

ಒಂದೇ_ಮಾತು

ಆ ದಾದಿಗೆ ನನ್ನದೊಂದು ನಮಸ್ಕಾರ.

ವ್ಯಾಯಾಮದ_ಮೇಷ್ಟ್ರು

ಏಣಿಯವರೇ, ಈಗ ನಿಮ್ಮ 40 ಡಿಗ್ರಿಯ ವಿಷಯಕ್ಕೆ ಬರುತ್ತೇನೆ. ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ 60-70 ಡಿಗ್ರಿ ಬಾಗಬೇಕು. ಮೆಟ್ಟಿಲು ಹತ್ತಲು 80-90, ಇಳಿಯಲು 90-100, ಕುರ್ಚಿಯಿಂದ ಕೈ ಊರದೆ ಏಳಲು 90ಕ್ಕಿಂತ ತುಸು ಹೆಚ್ಚು, ಕುಕ್ಕರಿಸಲು 120ಕ್ಕೂ ಹೆಚ್ಚು ಬೇಕು. ನೀವು ಈಗಿರುವ ಮಟ್ಟದಲ್ಲಿ ಮೂಳೆ ಕೂಡಿಕೊಂಡರೂ ಕುಂಟುತ್ತಲೇ ನಡೆಯಬೇಕಾಗುತ್ತದೆ. ಸಾಮಾನ್ಯವಾಗಿ 4ರಿಂದ 6 ವಾರಗಳೊಳಗೆ 90 ಡಿಗ್ರಿ ತಲುಪುವ ಗುರಿ ಇಟ್ಟುಕೊಳ್ಳುತ್ತೇವೆ, ಏಕೆಂದರೆ ಕೀಲಿನೊಳಗೆ ಸೋರಿದ ರಕ್ತ ಹೆಪ್ಪುಗಟ್ಟಿ ನಾರಿನಂಥ ಅಂಟುಪದರಗಳಾಗುತ್ತದೆ. ಮೊದಲ ವಾರಗಳಲ್ಲಿ ಅವು ಮೆತ್ತಗಿದ್ದು ಚಲನೆಯಿಂದ ಬಿಡಿಸಿಕೊಳ್ಳುತ್ತವೆ, ಮೂರು ತಿಂಗಳ ಬಳಿಕ ಹಗ್ಗದಂತೆ ಗಟ್ಟಿಯಾಗಿರುತ್ತವೆ.

ಹಾಸಿಗೆಯ ಮೇಲೆ ಹಿಮ್ಮಡಿಯನ್ನು ಜಾರಿಸುತ್ತ ಪೃಷ್ಠದ ಕಡೆಗೆ ಎಳೆದುಕೊಳ್ಳುವುದು ಮೊದಲ ವ್ಯಾಯಾಮ. ಮಂಚದ ಅಂಚಿನಲ್ಲಿ ಕುಳಿತು, ಒಳ್ಳೆಯ ಕಾಲಿನ ಆಸರೆಯಲ್ಲಿ ಇನ್ನೊಂದನ್ನು ಇಳಿಬಿಡುವುದು ಎರಡನೆಯದು. ನೋವಾಗುತ್ತದೆ, ಆದರೆ ವ್ಯಾಯಾಮ ನಿಲ್ಲಿಸಿದ ಅರ್ಧ ಗಂಟೆಯೊಳಗೆ ಇಳಿಯುವ ನೋವಿಗೆ ಹೆದರಬೇಕಾಗಿಲ್ಲ. ಮರುದಿನ ಊತ ಹೆಚ್ಚಿದರೆ ಪ್ರಮಾಣವನ್ನು ತಗ್ಗಿಸಿ.

ಇನ್ನೊಂದು ಪ್ರಶ್ನೆ: ಮಲಗುವಾಗ ಮಂಡಿಯ ಕೆಳಗೆ ದಿಂಬು ಇಡುತ್ತೀರೋ?

ಏಣಿಯಿಂದ_ಇಳಿದವ

ಇಡುತ್ತೇನೆ ಮೇಷ್ಟ್ರೇ. ಹಾಯಾಗಿರುತ್ತದೆ.

ವ್ಯಾಯಾಮದ_ಮೇಷ್ಟ್ರು

ಇಂದೇ ತೆಗೆಯಿರಿ. ಸುರುಳಿ ಸುತ್ತಿದ ಟವೆಲ್ ಅನ್ನು ಹಿಮ್ಮಡಿಯ ಕೆಳಗೆ ಇಡಿ, ಮಂಡಿಯ ಕೆಳಗಲ್ಲ. ಬಾಗುವಿಕೆಯನ್ನು ತಡವಾಗಿಯಾದರೂ ಸ್ವಲ್ಪ ಗಳಿಸಬಹುದು. ಮಂಡಿ ಪೂರ್ತಿ ನೇರವಾಗದೆ 10 ಡಿಗ್ರಿಯಲ್ಲಿ ನಿಂತುಬಿಟ್ಟರೆ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ದುಡಿಯಬೇಕಾಗುತ್ತದೆ, ಇನ್ನೊಂದು ಕಾಲಿಗೂ ಸೊಂಟಕ್ಕೂ ಅದರ ಭಾರ ಬೀಳುತ್ತದೆ.

ಐವತ್ತೈದು_ಡಿಗ್ರಿ

ಏಣಿಯವರೇ, ನನ್ನ ಹೆಸರಿನಲ್ಲೇ ನನ್ನ ಕಥೆಯಿದೆ. ನಿಮ್ಮಂತೆಯೇ ಹೆದರಿ ಬಗ್ಗಿಸದೆ ಕುಳಿತೆ. 9ನೆಯ ವಾರದಲ್ಲಿ ಅಳೆದಾಗ 55 ಡಿಗ್ರಿ. ಕೊನೆಗೆ ಅರಿವಳಿಕೆ ಕೊಟ್ಟು ವೈದ್ಯರೇ ಮಂಡಿಯನ್ನು ಬಗ್ಗಿಸಿದರು. ಮೇಜಿನ ಮೇಲೆ 110 ಬಂದಿತಂತೆ, ಮರುದಿನ ಎಚ್ಚರದಲ್ಲಿ 80 ಉಳಿಯಿತು, ಅಲ್ಲಿಂದ ನಾಲ್ಕು ತಿಂಗಳು ಗುದ್ದಾಡಿ 105ಕ್ಕೆ ತಂದೆ. ಪ್ಲೇಟು ಗಟ್ಟಿಯಾಗಿ ಹಿಡಿದಿದೆ, ಬಗ್ಗಿಸಿ ಎಂದು ವೈದ್ಯರು ಹೇಳಿದಾಗ ಅವರನ್ನು ನಂಬಿದ್ದರೆ ಎರಡನೆಯ ಅರಿವಳಿಕೆ ಬೇಕಾಗುತ್ತಿರಲಿಲ್ಲ.

ಅಂದಹಾಗೆ, ಮಂಡಿಯನ್ನು ತಾನಾಗಿಯೇ ಬಗ್ಗಿಸಿ ನೀಡಿಸುವ ಯಂತ್ರವನ್ನು ಮೊದಲೇ ಬಾಡಿಗೆಗೆ ತಂದಿದ್ದರೆ ಇದು ತಪ್ಪುತ್ತಿತ್ತು ಎಂದು ನನ್ನ ನಂಬಿಕೆ. ಎಲ್ಲರೂ ತರಿಸಿಕೊಳ್ಳಿ.

ವ್ಯಾಯಾಮದ_ಮೇಷ್ಟ್ರು

ಅಕ್ಕಾ, ಯಂತ್ರದ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ನಿರಂತರ ಚಲನೆ ಮೃದ್ವಸ್ಥಿಗೆ, ಅಂದರೆ ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದ್ದ ನುಣುಪಾದ ಪದರಕ್ಕೆ, ಹಿತವೆಂಬ ವಿಚಾರವನ್ನು ಟೊರಾಂಟೊದ ರಾಬರ್ಟ್ ಸಾಲ್ಟರ್ 1970ರ ದಶಕದಲ್ಲಿ ಮುಂದಿಟ್ಟರು, ಯಂತ್ರ ಹುಟ್ಟಿದ್ದೂ ಅಲ್ಲಿಂದಲೇ. ಮೊದಲ ದಿನಗಳಲ್ಲಿ ಅದರಿಂದ ಬಾಗುವಿಕೆ ಬೇಗ ಹೆಚ್ಚುತ್ತದೆ, ನಿಜ. ಆದರೆ ಯಂತ್ರದಲ್ಲಿ ಕಾಲಿಟ್ಟು ಮಲಗಿದವರನ್ನೂ, ದಿನಕ್ಕೆ ನಾಲ್ಕು ಬಾರಿ ತಾವೇ ಬೆವರು ಸುರಿಸಿ ಬಗ್ಗಿಸಿದವರನ್ನೂ ಆರು ತಿಂಗಳ ಬಳಿಕ ನೋಡಿದರೆ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಮೇಲಾಗಿ ಯಂತ್ರವು ಸ್ನಾಯುವಿಗೆ ಬಲ ಕೊಡುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಎರಡೇ ವಾರಗಳಲ್ಲಿ ತೊಡೆ ಹೇಗೆ ಸೊರಗುತ್ತದೆಂಬುದನ್ನು ಅಳತೆಪಟ್ಟಿ ಹಿಡಿದು ನೋಡಿದವರಿಗೆ ಗೊತ್ತು.

ಐವತ್ತೈದು_ಡಿಗ್ರಿ

ಬೆವರು ಸುರಿಸುವ ಧೈರ್ಯವೇ ಇಲ್ಲದವರಿಗೆ ಯಂತ್ರವಾದರೂ ಧೈರ್ಯ ಕೊಡುತ್ತದಲ್ಲವೇ? ನಾನು ನನ್ನ ಮಾತಿಗೇ ಅಂಟಿಕೊಳ್ಳುತ್ತೇನೆ.

ವ್ಯಾಯಾಮದ_ಮೇಷ್ಟ್ರು

ಧೈರ್ಯದ ಮಾತನ್ನು ಒಪ್ಪಿದೆ.

ಅಮ್ಮನ_ಮಗಳು

ಇಲ್ಲಿ ಓದುತ್ತಿದ್ದಂತೆ ನನ್ನ ಗೊಂದಲ ಇಮ್ಮಡಿಯಾಯಿತು. ನನ್ನ ತಾಯಿಗೆ 78 ವರ್ಷ. ನಿಂತಲ್ಲೇ ಕುಸಿದು ತೊಡೆಮೂಳೆಯ ಕೆಳತುದಿ, ಮಂಡಿಗೆ ತಾಗಿದಂತೆ ಮುರಿಯಿತು. ಉದ್ದನೆಯ ಪ್ಲೇಟು ಹಾಕಿ, ಎರಡನೆಯ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ‘ತಡೆದುಕೊಳ್ಳುವಷ್ಟು ತೂಕ ಹಾಕಲಿ’ ಎಂದರು, ಮಂಡಿಯನ್ನೂ ಬಗ್ಗಿಸಲು ಹೇಳಿದರು. ಗಟ್ಟಿಮುಟ್ಟಾದ ಏಣಿಯವರಿಗೆ 10 ವಾರ ಊರಬಾರದೆಂದು ಹೇಳಿ, ಮೂಳೆ ಸವೆದ ಮುದುಕಿಗೆ ಎರಡನೆಯ ದಿನವೇ ನಿಲ್ಲು ಎನ್ನುವುದು ಯಾವ ಲೆಕ್ಕ?

ನಿವೃತ್ತ_ಮೂಳೆತಜ್ಞ

ಲೆಕ್ಕ ಮೂಳೆಯದ್ದಲ್ಲ, ಜೀವದ್ದು. ಎಂಬತ್ತರ ಆಸುಪಾಸಿನವರನ್ನು ಎರಡು ತಿಂಗಳು ಹಾಸಿಗೆಯಲ್ಲಿ ಮಲಗಿಸಿದರೆ ಮೂಳೆ ಕೂಡುವಷ್ಟರಲ್ಲಿ ಶ್ವಾಸಕೋಶದ ಸೋಂಕು, ಬೆನ್ನುಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವುಗಳಲ್ಲಿ ಯಾವುದಾದರೊಂದು ಅವರನ್ನು ಕೆಡವುತ್ತದೆ. ‘ಒಂದು ಕಾಲಿನ ಮೇಲೆ ಕುಪ್ಪಳಿಸಿ’ ಎಂದು ಅವರಿಗೆ ಹೇಳುವುದೂ ವ್ಯರ್ಥ. ಕೈಗಳಲ್ಲಿ ಆ ಬಲವಿರುವುದಿಲ್ಲ. ಆದ್ದರಿಂದ ಅಂಥವರಲ್ಲಿ ನಿಲ್ಲಲು ಸಾಕಾಗುವಷ್ಟು ಗಟ್ಟಿಯಾದ ಜೋಡಣೆಯನ್ನೇ ಮಾಡುವುದು ಇಂದಿನ ಒಲವು. ಸ್ಕ್ರೂವಿನ ತಲೆ ಪ್ಲೇಟಿಗೇ ತಿರುಚಿ ಬಿಗಿಯುವ ಲಾಕಿಂಗ್ ಪ್ಲೇಟುಗಳು ಬಂದ ಮೇಲೆ ಮೆತ್ತಗಿನ ಮೂಳೆಯಲ್ಲಿಯೂ ಹಿಡಿತ ಸಿಗುತ್ತಿದೆ. ಕೆಲವರಲ್ಲಿ ಮಂಡಿಯೊಳಗಿನಿಂದ ಮೇಲ್ಮುಖವಾಗಿ ರಾಡು ತೂರಿಸುತ್ತಾರೆ, ಜೋಡಿಸಲಾಗದಷ್ಟು ಚೂರಾಗಿದ್ದರೆ ಕೀಲನ್ನೇ ಬದಲಿಸುವುದೂ ಉಂಟು.

ಆದರೆ ನಿಂತಲ್ಲೇ ಕುಸಿದು ಮೂಳೆ ಮುರಿಯಿತೆಂದರೆ ಮೂಳೆಯ ಸಾಂದ್ರತೆಯನ್ನು ಅಳೆಯಿಸಲೇಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳಷ್ಟೇ ಸಾಲುತ್ತವೆಯೋ, ಮೂಳೆಸವೆತಕ್ಕೆ ಬೇರೆ ಔಷಧಿ ಬೇಕೋ ಎಂದು ಕೇಳಿ ತಿಳಿದುಕೊಳ್ಳಿ. ಪ್ಲೇಟು ಹಾಕಿ ಮನೆಗೆ ಕಳಿಸಿ, ಈ ಮಾತನ್ನು ಮರೆಯುವುದನ್ನು ನಾನು ನನ್ನ ವೃತ್ತಿಜೀವನದಲ್ಲಿ ಬಹಳ ಕಂಡಿದ್ದೇನೆ. ಮೊದಲ ವರ್ಷಗಳಲ್ಲಿ ನಾನೂ ಮರೆತಿದ್ದೇನೆ.

ಅಮ್ಮನ_ಮಗಳು

ಸಾಂದ್ರತೆಯ ಪರೀಕ್ಷೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಧನ್ಯವಾದಗಳು ಡಾಕ್ಟರೇ, ನಾಳೆಯೇ ಕೇಳುತ್ತೇನೆ.

ಎರಡನೇ_ಅಭಿಪ್ರಾಯ

10 ವಾರವೆಂಬ ಅಂಕಿಯೇ ನನಗೆ ಅನುಮಾನ ಹುಟ್ಟಿಸುತ್ತದೆ. ನನ್ನ ಸ್ನೇಹಿತನಿಗೆ ಇದೇ ಎರಡನೆಯ ವರ್ಗದ ಮುರಿತವಾಗಿ 6 ವಾರಕ್ಕೆ ಊರಲು ಬಿಟ್ಟರು, ಏನೂ ಕುಸಿಯಲಿಲ್ಲ. ಹಳೆಯ ಪಾಠವನ್ನೇ ಹಿಡಿದು ರೋಗಿಗಳನ್ನು ಅನಗತ್ಯವಾಗಿ ಕೂರಿಸುತ್ತಿದ್ದಾರೆ ಎಂಬುದು ನನ್ನ ವಾದ.

ನಿವೃತ್ತ_ಮೂಳೆತಜ್ಞ

ವಾದದಲ್ಲಿ ಹುರುಳಿದೆ. ಮೊದಲು 12 ವಾರ ಎನ್ನುತ್ತಿದ್ದೆವು. ಈಗ 6 ವಾರದಿಂದ ಆರಂಭಿಸುವವರಿದ್ದಾರೆ, ಸರಳವಾದ ಸೀಳಿಗೆ ಇನ್ನೂ ಮೊದಲೇ ಬಿಡುವವರಿದ್ದಾರೆ. ಆದರೆ ಎಷ್ಟು ಮಿಲಿಮೀಟರ್ ಕುಸಿದಿತ್ತು, ಟೊಳ್ಳು ಎಷ್ಟು ದೊಡ್ಡದಿತ್ತು, ಅದಕ್ಕೆ ಏನು ತುಂಬಿದರು, ರೋಗಿಯ ತೂಕವೆಷ್ಟು ಎಂಬುದನ್ನು ತಿಳಿಯದೆ ಸ್ನೇಹಿತನ 6 ವಾರವನ್ನು ಇನ್ನೊಬ್ಬರ ಮಂಡಿಗೆ ಹೊಂದಿಸಬೇಡಿ. ಈ ಚರ್ಚೆ ಆರಂಭವಾದದ್ದೇ ಅಂಥ ಹೋಲಿಕೆಯಿಂದ.

ತೂಕದ_ಯಂತ್ರ

ನನಗೆ 8ನೆಯ ವಾರದಲ್ಲಿ ‘15 ಕಿಲೋ ಮಾತ್ರ ಹಾಕಿ’ ಎಂದರು. 15 ಕಿಲೋ ಎಂದರೆ ಕಾಲಿಗೆ ಹೇಗೆ ಗೊತ್ತಾಗಬೇಕು? ಮನೆಯಲ್ಲಿದ್ದ ತೂಕದ ಯಂತ್ರವನ್ನು ನೆಲದಲ್ಲಿಟ್ಟು, ಅದೇ ಎತ್ತರದ ಹಲಗೆಯ ಮೇಲೆ ಒಳ್ಳೆಯ ಕಾಲಿಟ್ಟು, ಊರುಗೋಲು ಹಿಡಿದು, ಮುಳ್ಳು 15ಕ್ಕೆ ಬರುವಂತೆ ದಿನಾ ಹತ್ತು ಬಾರಿ ಒತ್ತಿದೆ. ಮೊದಲ ದಿನ 15 ಎಂದುಕೊಂಡು ಒತ್ತಿದ್ದು 34 ತೋರಿಸಿತು!

ಒಂದೇ_ಮಾತು

ಧೂಮಪಾನ ಮಾಡುವವರು ಬಿಡಬೇಕೆಂದು ಯಾರೂ ಹೇಳಲಿಲ್ಲವಲ್ಲ. ಮೂಳೆ ಕೂಡುವುದೂ ತಡವಾಗುತ್ತದೆ, ಗಾಯ ಮಾಯುವುದೂ ತಡವಾಗುತ್ತದೆ.

ತಮ್ಮನ_ಕಾವಲು

ರಕ್ತ ಹೆಪ್ಪುಗಟ್ಟುವ ವಿಷಯವನ್ನೂ ಸೇರಿಸಿ. ಹೊಟ್ಟೆಗೆ ಹಾಕುವ ಚುಚ್ಚುಮದ್ದನ್ನೋ ಮಾತ್ರೆಯನ್ನೋ ಕೊಟ್ಟಿದ್ದರೆ ‘ಊತ ಇಳಿಯಿತು’ ಎಂದು ನಾವೇ ನಿಲ್ಲಿಸಬಾರದು. ಮೀನಖಂಡ ಇದ್ದಕ್ಕಿದ್ದಂತೆ ಊದಿ ಬಿಗಿದು ನೋವಾದರೆ ಅಂದೇ ತೋರಿಸಬೇಕು. ಎದೆನೋವೋ ಏದುಸಿರೋ ಕಾಣಿಸಿಕೊಂಡರೆ ಒಂದು ಕ್ಷಣವೂ ಕಾಯಬಾರದು.

ತಂತಿಮಂಡಿ

ಒಳಗಿನ ಲೋಹವನ್ನು ತೆಗೆಸಬೇಕೇ ಎಂದು ಯಾರಾದರೂ ಕೇಳುವ ಮೊದಲೇ ನನ್ನ ಅನುಭವವನ್ನು ಬರೆಯುತ್ತೇನೆ. ಚಿಪ್ಪಿನ ಮೇಲೆ ಮಾಂಸವೇ ಇಲ್ಲದಿರುವುದರಿಂದ ತಂತಿಯ ತುದಿ ಚರ್ಮದಡಿಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು, ಮಂಡಿಯೂರುವುದಂತೂ ಅಸಾಧ್ಯವಾಗಿತ್ತು. 14 ತಿಂಗಳ ಬಳಿಕ ತೆಗೆಸಿದೆ, ಅಂದೇ ಮನೆಗೆ ಬಂದೆ. ಈಗ ಚುಚ್ಚುವುದಿಲ್ಲ, ಗಾಯದ ಪಕ್ಕದಲ್ಲಿ ಅಂಗೈಯಷ್ಟು ಜಾಗ ಮಾತ್ರ ಇನ್ನೂ ಮರಗಟ್ಟಿದೆ.

ಕಾದು_ಕೆಟ್ಟವ

ನನ್ನ ಎರಡೂ ಪ್ಲೇಟುಗಳು ಒಳಗೇ ಇವೆ. ತೊಂದರೆ ಕೊಡದಿದ್ದರೆ ತೆಗೆಯಬೇಕಾಗಿಲ್ಲ ಎಂದರು, ತೆಗೆದರೆ ಸ್ಕ್ರೂವಿನ ರಂಧ್ರಗಳು ತುಂಬುವವರೆಗೆ ಕೆಲವು ವಾರ ಮೂಳೆ ದುರ್ಬಲವಾಗಿರುತ್ತದಂತೆ. ಟೈಟಾನಿಯಂ ಆದ್ದರಿಂದ ಎಂಆರ್‌ಐ ಮಾಡಿಸಲು ಅಡ್ಡಿಯಿಲ್ಲವೆಂದೂ ಹೇಳಿದರು.

ನನ್ನನ್ನು ಕಾಡುತ್ತಿರುವುದು ಇನ್ನೊಂದು ವಿಷಯ. ಎಕ್ಸ್-ರೇಯಲ್ಲಿ ಹಲಗೆಯ ಮೇಲೆ ಇನ್ನೂ 2 ಮಿಲಿಮೀಟರ್ ಮೆಟ್ಟಿಲು ಉಳಿದಿದೆ. ಮುಂದೆ ಮಂಡಿ ಸವೆಯುವುದು ಖಚಿತವೇ?

ನಿವೃತ್ತ_ಮೂಳೆತಜ್ಞ

ಖಚಿತವಲ್ಲ. ಟಿಬಿಯಾದ ಹಲಗೆ, ಅದರಲ್ಲೂ ಹೊರಬದಿ, ಸಣ್ಣ ಏರುಪೇರನ್ನು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಸಹಿಸಿಕೊಳ್ಳುತ್ತದೆ. ಮೇಲಿನ ಮೆನಿಸ್ಕಸ್ ಮೆತ್ತೆ ಅದಕ್ಕೆ ನೆರವಾಗುತ್ತದೆ. ಎರಡು ಮಿಲಿಮೀಟರ್ ಮೆಟ್ಟಿಲಿಗಿಂತ ನಾನು ಹೆಚ್ಚು ಹೆದರುವುದು ಕಾಲಿನ ನೇರ ತಪ್ಪುವುದಕ್ಕೆ, ಮಂಡಿ ಪಕ್ಕಕ್ಕೆ ಅಲುಗಾಡುವುದಕ್ಕೆ, ಮೆನಿಸ್ಕಸ್ ಅನ್ನು ತೆಗೆದುಹಾಕಿರುವುದಕ್ಕೆ. ಕಾಲು ನೇರವಾಗಿದ್ದು ಮಂಡಿ ಸ್ಥಿರವಾಗಿದ್ದರೆ ಎಕ್ಸ್-ರೇಯ ಮೆಟ್ಟಿಲನ್ನು ರಾತ್ರಿಯೆಲ್ಲ ನೆನೆಯಬೇಡಿ.

ಎರಡನೇ_ಅಭಿಪ್ರಾಯ

ಆದರೂ ಪೆಟ್ಟು ಬಿದ್ದ ಕ್ಷಣದಲ್ಲೇ ಮೃದ್ವಸ್ಥಿಗೆ ಹಾನಿಯಾಗಿರುತ್ತದಲ್ಲವೇ? ಜೋಡಣೆ ಎಷ್ಟೇ ಚೆನ್ನಾಗಿದ್ದರೂ ಆ ಹಾನಿ ಹೋಗುವುದಿಲ್ಲ.

ನಿವೃತ್ತ_ಮೂಳೆತಜ್ಞ

ಅದು ನಿಜ, ಅದನ್ನು ಯಾವ ಪ್ಲೇಟೂ ಸರಿಪಡಿಸದು. ಕೆಲವರಿಗೆ ವರ್ಷಗಳ ಬಳಿಕ ಕೀಲು ಬದಲಿಸಬೇಕಾಗುತ್ತದೆ. ಆಗಲೂ ಮೂಳೆ ನೇರವಾಗಿ ಕೂಡಿಕೊಂಡಿದ್ದರೆ ಆ ಶಸ್ತ್ರಚಿಕಿತ್ಸೆ ಸುಲಭ, ಸೊಟ್ಟಗೆ ಕೂಡಿಕೊಂಡಿದ್ದರೆ ಕಷ್ಟ.

ಏಣಿಯಿಂದ_ಇಳಿದವ

ಎಲ್ಲರಿಗೂ ಮತ್ತೆ ನಮಸ್ಕಾರ. ಇಂದು 11ನೆಯ ವಾರ. ಅಂದು ಮೇಷ್ಟ್ರ ಮಾತು ಓದಿದ ರಾತ್ರಿಯೇ ದಿಂಬನ್ನು ತೆಗೆದೆ. ಮರುದಿನ ನನ್ನ ವೈದ್ಯರಿಗೆ ಕರೆಮಾಡಿದೆ. ಬಂದು ತೋರಿಸಿದಾಗ ಅವರು ಅಲ್ಲಿಯೇ ಕೂರಿಸಿ ನನ್ನ ಮಂಡಿಯನ್ನು 65ರವರೆಗೆ ಬಗ್ಗಿಸಿ, ಎಕ್ಸ್-ರೇ ತೆಗೆಸಿ, ‘ನೋಡಿ, ಏನೂ ಅಲುಗಿಲ್ಲ’ ಎಂದು ತೋರಿಸಿದರು. ನನಗೆ ಬೇಕಾಗಿದ್ದುದು ಆ ಚಿತ್ರವೇ. 6ನೆಯ ವಾರಕ್ಕೆ 85 ಆಯಿತು, ಈಗ 112 ಇದೆ. ಪೂರ್ತಿ ನೇರವಾಗಲು ಇನ್ನು ಮೂರೋ ನಾಲ್ಕೋ ಡಿಗ್ರಿ ಬಾಕಿ. ಕಳೆದ ವಾರದಿಂದ 20 ಕಿಲೋ ಹಾಕಲು ಅನುಮತಿ ಸಿಕ್ಕಿದೆ. ತೂಕದ ಯಂತ್ರದವರ ಉಪಾಯವನ್ನೇ ಅನುಸರಿಸುತ್ತಿದ್ದೇನೆ, ಮೊದಲ ದಿನ ನನ್ನದು 41 ತೋರಿಸಿತು. ತೊಡೆ ಮಾತ್ರ ಇನ್ನೊಂದಕ್ಕಿಂತ 4 ಸೆಂಟಿಮೀಟರ್ ಸಣ್ಣದಾಗಿದೆ.

ಪಕ್ಕದ ಹಾಸಿಗೆಯವರು ಮೊನ್ನೆ ತಪಾಸಣೆಯ ದಿನ ಸಿಕ್ಕಿದ್ದರು. ಅವರು ಸರಾಗವಾಗಿ ನಡೆಯುತ್ತಾರೆ, ಆದರೆ ಬಾಗುವಿಕೆ ಇನ್ನೂ 80. ‘ನಿಮ್ಮ ಮಂಡಿ ಎಷ್ಟು ಚೆನ್ನಾಗಿ ಬಗ್ಗುತ್ತದೆ, ನನಗೇಕೆ ಹೀಗೆ?’ ಎಂದು ಅವರು ಕೇಳಿದರು. ಈ ಚರ್ಚೆಯನ್ನು ಅವರಿಗೆ ಓದಲು ಕಳುಹಿಸಿದ್ದೇನೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಮುಂದಿನ ತಿಂಗಳು ಎರಡು ಊರುಗೋಲುಗಳ ಬದಲು ಒಂದನ್ನೇ ಹಿಡಿಯಬಹುದೆಂದರು. ಎಡಮಂಡಿ ಮುರಿದಿರುವುದರಿಂದ ಎಡಗೈಯಲ್ಲಿಯೇ ಹಿಡಿಯಬೇಕಲ್ಲವೇ?

ವ್ಯಾಯಾಮದ_ಮೇಷ್ಟ್ರು

ಅಲ್ಲ, ಬಲಗೈಯಲ್ಲಿ. ಎಡಗಾಲು ಮುಂದೆ ಹೋಗುವಾಗ ಬಲಗೈಯ ಕೋಲೂ ಜೊತೆಗೇ ಮುಂದೆ ಹೋಗಬೇಕು. ಆಗ ಭಾರ ಎರಡಕ್ಕೂ ಹಂಚಿಹೋಗುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಮುರಿದ ಕಾಲು ಮೊದಲು.

ಒಂದೇ_ಮಾತು

ಏಣಿಯನ್ನು ಮಾತ್ರ ಸದ್ಯಕ್ಕೆ ಬೇರೆಯವರು ಹತ್ತಲಿ.